ಅಂಗೈ ಮೇಲಿನ ಮಿಗ್: ಫೈಟರ್ ಜೆಟ್ ಮಾಡೆಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನವರಾತ್ರಿಯಲ್ಲಿ ಮೈಸೂರಿನ ನಮ್ಮ ಮನೆಗೆ ಗೊಂಬೆ ನೋಡಲು ಬರುವವರು ಪಟ್ಟದ ಗೊಂಬೆಗೆ ಕೈ ಮುಗಿದು, ಆಮೇಲೆ ಕೆಳಗಿನ ಮೆಟ್ಟಿಲ ಮುಂದೆ ಬಗ್ಗಿ ನಿಲ್ಲುತ್ತಾರೆ. ಅಲ್ಲಿ ಶೆಟ್ಟರ ಅಂಗಡಿಯ ಗೊಂಬೆಗಳ ಪಕ್ಕ ಒಂದು ಮಿಗ್-21, ಒಂದು ಜಾಗ್ವಾರ್, ಒಂದು ಸುಖೋಯ್ ಇರುತ್ತವೆ. ಉಸಲಿ ತಿನ್ನುತ್ತಾ ಅವರು ಕೇಳುವ ಪ್ರಶ್ನೆಗಳು ಸುಮಾರು ಅವೇ. ಕಿಟ್ (ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು ಮಾಡೆಲ್ ಮಾಡುವ ಡಬ್ಬ) ಶುರು ಮಾಡಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡ ಹುಡುಗರು ಫೋನಿನಲ್ಲಿ ಕೇಳುವುದೂ ಅವೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಹಾರುತ್ತಾ?

ಇಲ್ಲ. ಇದು ನೋಡುವುದಕ್ಕೆ ಮಾತ್ರ. ಮೋಟಾರು, ರಿಮೋಟು ಯಾವುದೂ ಇಲ್ಲ. ಹಾರಿದ್ದು ಒಂದೇ ಸಲ, ಬೆಕ್ಕು ಮೇಜಿನಿಂದ ಕೆಡವಿದಾಗ.

ಈ ವಯಸ್ಸಿನಲ್ಲಿ ಆಟದ ಸಾಮಾನಾ ಸರ್?

ಗೊಂಬೆ ಕೂರಿಸುವ ಊರಲ್ಲಿ ಕೂತು ಈ ಪ್ರಶ್ನೆ ಕೇಳುತ್ತೀರಲ್ಲ! ಬೀಟೆ ಮರದಲ್ಲಿ ಅಕ್ಕಿಕಾಳಿನಷ್ಟು ತುಂಡು ಕೂರಿಸಿ ಇನ್‌ಲೇ ಮಾಡುವವರು, ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ರೇಕು ಅಂಟಿಸುವವರು ಇರುವ ಊರು ಇದು. ಆ ಕೆಲಸಕ್ಕೂ ನಮ್ಮ ಕೆಲಸಕ್ಕೂ ಹತ್ತಿರದ ನೆಂಟಸ್ತಿಕೆ ಇದೆ. ಸಣ್ಣ ಕುಂಚ, ಸಣ್ಣ ಚಾಕು, ಒಳ್ಳೆ ಬೆಳಕು, ಬಗ್ಗಿದ ಬೆನ್ನು. ತಂಜಾವೂರಿನ ಚಿತ್ರದಲ್ಲಿ ಗೆಸ್ಸೋ (ಚಿನ್ನದ ರೇಕಿನ ಕೆಳಗಿನ ಲೇಪ) ದಪ್ಪಗೆ ಉಬ್ಬಿರುತ್ತದೆ, ಮೈಸೂರಿನದ್ದರಲ್ಲಿ ಉಬ್ಬು ಕಂಡೂ ಕಾಣದ ಹಾಗೆ ಇರುತ್ತದೆ. ನನ್ನ ಮಟ್ಟಿಗೆ ಜೆಟ್ ಮಾಡೆಲ್ಲಿಗೂ ಮೈಸೂರಿನ ಲೆಕ್ಕವೇ ಸರಿ. ಯಾಕೆ ಅಂತ ಕೆಳಗೆ ಮಸಿ, ಕೊಳೆಯ ವಿಷಯ ಬಂದಾಗ ಹೇಳುತ್ತೇನೆ.

1:72, 1:48 ಅಂದರೆ ಏನು? ಯಾವುದು ತಗೊಳ್ಳಲಿ?

ನಿಜವಾದ ವಿಮಾನದ 72ನೇ ಒಂದು ಭಾಗ, 48ನೇ ಒಂದು ಭಾಗ ಅಂತ ಅರ್ಥ. ಕೆಳಗಿನ ಸಂಖ್ಯೆ ಜಾಸ್ತಿಯಾದಷ್ಟೂ ಮಾಡೆಲ್ ಚಿಕ್ಕದು. ತೇಜಸ್ 13.2 ಮೀಟರ್ ಉದ್ದ. 1:72ರಲ್ಲಿ ಅದು 18 ಸೆಂ.ಮೀ. ಚಿಲ್ಲರೆ, 1:48ರಲ್ಲಿ 27 ಸೆಂ.ಮೀ. ದಾಟುತ್ತದೆ. ಇದರಲ್ಲಿ ಏನು ಮಹಾ ಅನಿಸಬಹುದು. ಸುಖೋಯ್-30ಕ್ಕೆ ಬನ್ನಿ. ಅದು ಸುಮಾರು 22 ಮೀಟರ್. 1:48ರಲ್ಲಿ ಮಾಡಿದರೆ ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ. ಬಾಡಿಗೆ ಮನೆಯ ಶೋಕೇಸಿನಲ್ಲಿ ಅದನ್ನು ಇಡಲು ಆಗುವುದಿಲ್ಲ. ನಾನು ಒಂದನ್ನು ಮಾಡಿ, ಎರಡು ವರ್ಷ ಬೀರುವಿನ ಮೇಲೆ ಪೇಪರ್ ಮುಚ್ಚಿ ಇಟ್ಟಿದ್ದೆ.

ಶುರುವಿಗೆ 1:72 ಸಾಕು. ಬೆಲೆ ಕಡಿಮೆ, ಬಣ್ಣ ಕಡಿಮೆ, ಜಾಗ ಕಡಿಮೆ. ಕಣ್ಣಿಗೆ ಚಾಳೀಸು ಬಂದಿದ್ದರೆ ಮಾತ್ರ ನೇರ 1:48ಕ್ಕೆ ಹೋಗಿ.

ಮೊದಲ ಕಿಟ್ ಯಾವುದು ಒಳ್ಳೆಯದು?

ಚಿಕ್ಕ ವಿಮಾನ, ಕಡಿಮೆ ತುಂಡು. ಏರ್‌ಫಿಕ್ಸ್‌ನವರ 1:72 ನ್ಯಾಟ್ ನನ್ನ ಆಯ್ಕೆ. ಮುಗಿದ ಮೇಲೆ ಅಂಗೈ ಮೇಲೆ ಕೂರುತ್ತದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಕಾಡಿದ್ದು ಇದೇ ಪುಟಾಣಿ. ಕಥೆಯೂ ಸಿಗುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಅದೇ ಕಂಪನಿಯ ಹಾಕ್ ಕೂಡ ಸುಲಭ.

ಮಂಡ್ಯದ ಒಬ್ಬ ಹುಡುಗ ಮೊದಲ ಕಿಟ್ ಆಗಿ 1:32ರ ದೊಡ್ಡ ಎಫ್-14 ತರಿಸಿದ್ದ. ಒಂದು ವಾರ ಕಾಕ್‌ಪಿಟ್‌ನಲ್ಲೇ ಕಳೆದ. ಈಗ ಆ ಡಬ್ಬ ಅಟ್ಟದ ಮೇಲಿದೆ ಅಂತ ಅವರಮ್ಮ ಹೇಳಿದರು.

ನಮ್ಮ ವಾಯುಪಡೆಯ ವಿಮಾನಗಳ ಕಿಟ್ ಸಿಗುತ್ತಾ?

ತುಂಬಾ ವಿಮಾನಗಳಿಗೆ ಸಿಗುತ್ತದೆ. ಡಬ್ಬದ ಮೇಲೆ ಬೇರೆ ದೇಶದ ಗುರುತು ಇದ್ದರೂ ಒಳಗಿನ ಪ್ಲಾಸ್ಟಿಕ್ ನಮಗೆ ಆಗುತ್ತದೆ. ಮಿಗ್-21ಕ್ಕೆ ಎಡ್ವಾರ್ಡ್ ಕಂಪನಿಯದ್ದು, 1:72ರಲ್ಲೂ ಇದೆ, 1:48ರಲ್ಲೂ ಇದೆ. ಮಿರಾಜ್ 2000ಕ್ಕೆ ಕೈನೆಟಿಕ್‌ನ 1:48. ರಫಾಲ್‌ಗೆ ರೆವೆಲ್. ಸುಖೋಯ್-30 ಎಂಕೆಐ ಬೇಕು ಅನ್ನುವವರು ಜ್ವೆಜ್ದಾದ 1:72 ಸುಖೋಯ್-30 ಎಸ್‌ಎಂ ತಗೊಂಡು ಬದಲಾಯಿಸಿಕೊಳ್ಳುತ್ತಾರೆ. ರಷ್ಯಾದ ಎಸ್‌ಎಂ ಹುಟ್ಟಿದ್ದೇ ನಮ್ಮ ಎಂಕೆಐಯಿಂದ. ಮುಂದಿನ ಪುಟ್ಟ ರೆಕ್ಕೆಗಳು, ಇಂಜಿನ್ನಿನ ತಿರುಗುವ ನಳಿಕೆ ಎರಡರಲ್ಲೂ ಇವೆ. ಸಣ್ಣಪುಟ್ಟ ಆಂಟೆನಾ ವ್ಯತ್ಯಾಸಗಳನ್ನು ಫೋಟೋ ನೋಡಿ ಸರಿ ಮಾಡಿಕೊಳ್ಳಿ.

ಹುಷಾರಾಗಿರಬೇಕಾದ್ದು ಉಪಜಾತಿಯ ವಿಷಯದಲ್ಲಿ. ಮಿಗ್-21 ಅಂದರೆ ಒಂದೇ ವಿಮಾನ ಅಲ್ಲ. ಎಫ್‌ಎಲ್ ಬೇರೆ, ಬಿಸ್ ಬೇರೆ, ಬೈಸನ್ ಬೇರೆ. ಬೆನ್ನಿನ ಉಬ್ಬು, ಬಾಲದ ಅಗಲ ಎಲ್ಲಾ ಬದಲಾಗುತ್ತವೆ. ಹಾಗೆಯೇ ದಸರೆಯ ಏರ್ ಶೋದಲ್ಲಿ ಬನ್ನಿಮಂಟಪದ ಮೇಲೆ ಹಾರುವ ಸೂರ್ಯಕಿರಣ ತಂಡದ್ದು ಹಾಕ್ 132. ಹಾಕ್‌ನ ಹಳೆಯ ರೂಪವಾದ ಟಿ1ರ ಕಿಟ್‌ಗೆ ಕೆಂಪು ಬಿಳಿ ಬಣ್ಣ ಬಳಿದರೆ ದೂರದಿಂದ ಸರಿ, ಹತ್ತಿರ ಬಂದರೆ ಮೂಗು ಬೇರೆಯವರದ್ದು ಅಂತ ಗೊತ್ತಾಗುತ್ತದೆ. ಸೂರ್ಯಕಿರಣದ ಹಳೆಯ ವಿಮಾನ ನಮ್ಮ ಎಚ್‌ಎಎಲ್‌ನ ಕಿರಣ್. 2011ರವರೆಗೆ ಅದರಲ್ಲೇ ಹಾರುತ್ತಿದ್ದರು.

ಎಷ್ಟು ಖರ್ಚಾಗುತ್ತೆ? ಯಾಕೆ ಇಷ್ಟು ದುಬಾರಿ?

1:72ರ ಸಾಧಾರಣ ಕಿಟ್ ಸಾವಿರದಿಂದ ಮೂರು ಸಾವಿರದೊಳಗೆ ಸಿಗುತ್ತದೆ. 1:48 ಆದರೆ ಅದರ ಎರಡು ಮೂರು ಪಟ್ಟು. ಮೊದಲ ಸಲ ಸಾಮಾನು, ಬಣ್ಣ ಎಲ್ಲಾ ಸೇರಿ ಕಿಟ್ ಬೆಲೆಗಿಂತ ಜಾಸ್ತಿ ಆಗುತ್ತದೆ. ಆದರೆ ಅವು ಹತ್ತು ಮಾಡೆಲ್‌ಗೆ ಬರುತ್ತವೆ.

ದುಬಾರಿಗೆ ಒಂದು ಕಾರಣ ಸುಂಕ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕದ ಪುಸ್ತಕದಲ್ಲಿ ನಮ್ಮ ಕಿಟ್ಟೂ ಆಟಿಕೆಗಳ ಸಾಲಿನಲ್ಲೇ ಬರುತ್ತದೆ. ಬಣ್ಣ, ಥಿನ್ನರ್ ಬೆಂಕಿ ಹತ್ತುವ ಮಾಲು, ವಿಮಾನದಲ್ಲಿ ಕಳಿಸುವುದು ಕಷ್ಟ. ಅದಕ್ಕೇ ಹೊರದೇಶದಿಂದ ತರಿಸುವ ಗೋಜಿಗೆ ಹೋಗಬೇಡಿ. ಇಲ್ಲಿನ ಹವ್ಯಾಸದ ಅಂಗಡಿಗಳ ಹತ್ತಿರವೇ ತಗೊಳ್ಳಿ.

ಏನೇನು ಸಾಮಾನು ಬೇಕು? ಇಲ್ಲೇ ಸಿಗುತ್ತಾ?

ಮುಕ್ಕಾಲು ಪಾಲು ಇಲ್ಲೇ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ರಿಪೇರಿಯವರು ವೈರ್ ಕತ್ತರಿಸುವ ಸಣ್ಣ ಕಟರ್, ಆಪರೇಷನ್ ಬ್ಲೇಡು, ಚಿಮುಟ, ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು. ಕಾರಿಗೆ ಬಣ್ಣ ಹೊಡೆಯುವ ಟಿಂಕರಿಂಗ್ ಶೆಡ್‌ನವರು ಬಳಸುವ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳು ಕಾಗದ) ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 400, 800, 1000, 2000 ನಂಬರು ತಗೊಳ್ಳಿ. ಆ ಶೆಡ್‌ನಲ್ಲಿ ಅರ್ಧ ದಿನ ಸುಮ್ನೆ ನಿಂತು ನೋಡಿದರೂ ಲಾಭ. ಪುಟ್ಟಿ (ಸಂದಿ ತುಂಬುವ ಲೇಪ) ಹಾಕಿ, ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜುವ ಕ್ರಮ ನಮ್ಮದೂ ಅದೇ.

ಆದರೆ ಅವರ ಎನ್‌ಸಿ ಥಿನ್ನರನ್ನು ಮಾಡೆಲ್ ಬಣ್ಣಕ್ಕೆ ಬೆರೆಸಬೇಡಿ. ಅದು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ನಾನು ಹಾಗೆ ಒಂದು ಹಂಟರ್ ವಿಮಾನದ ರೆಕ್ಕೆಗೆ ಕಿತ್ತಳೆ ಸಿಪ್ಪೆಯ ಚರ್ಮ ತರಿಸಿದ್ದೇನೆ. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ತೊಳೆಯಲು ಮಾತ್ರ ಅದು ಚೆನ್ನ.

ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಆಗಲ್ವಾ?

ಅಂಟುತ್ತದೆ. ಆದರೆ ಒಡಲಿನ ಎರಡು ಹೋಳು ಸೇರಿಸಲು ಅದು ಸರಿಯಲ್ಲ. ತಪ್ಪಿ ಇಟ್ಟರೆ ತಿದ್ದಲು ಪುರುಸೊತ್ತೇ ಕೊಡುವುದಿಲ್ಲ. ಕಿಟ್‌ಗೆ ಅಂತಲೇ ಬರುವ ತೆಳು ದ್ರವದ ಸಿಮೆಂಟು ಬೇರೆ ತರಹ. ತಮಿಯಾದವರ ಹಸಿರು ಮುಚ್ಚಳದ ಸೀಸೆ ಎಲ್ಲರಿಗೂ ಗೊತ್ತು. ಅದು ನಿಜವಾಗಿ ಗೋಂದು ಅಲ್ಲ. ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಎರಡು ಹೋಳು ಒತ್ತಿ ಹಿಡಿದು ಕುಂಚ ತಾಗಿಸಿದರೆ ಸಾಕು, ಸಂದಿಯೊಳಗೆ ತಾನೇ ಎಳೆದುಕೊಳ್ಳುತ್ತದೆ. ಸ್ವಲ್ಪ ಒತ್ತಿದರೆ ಸಂದಿಯಿಂದ ಕರಗಿದ ಪ್ಲಾಸ್ಟಿಕ್ ಮಣಿಯ ಹಾಗೆ ಉಕ್ಕಿ ಬರುತ್ತದೆ. ಒಳ್ಳೆಯದಾಯಿತು ಅಂದುಕೊಳ್ಳಿ. ಒಣಗಿದ ಮೇಲೆ ಅದನ್ನು ಉಜ್ಜಿದರೆ ಸಂದಿ ಮಾಯ.

ಫೆವಿಕ್ವಿಕ್ಕಿಗೆ ಬೇರೆ ಕೆಲಸ ಇದೆ. ದೊಡ್ಡ ಸಂದಿಯಲ್ಲಿ ಒಂದು ಹನಿ ಬಿಟ್ಟು, ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಅವತ್ತೇ ಉಜ್ಜಿಬಿಡಿ. ನಾಳೆಗೆ ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್ ಸವೆಯುತ್ತದೆ, ಅದು ಸವೆಯುವುದಿಲ್ಲ.

ನನ್ನ ಮಾಡೆಲ್ ಆಟಿಕೆ ಥರ ಕಾಣುತ್ತೆ, ಯಾಕೆ?

ನೂರಕ್ಕೆ ತೊಂಬತ್ತು ಸಲ ಕಾರಣ ಬಣ್ಣ ಅಲ್ಲ, ಜೋಡಣೆಯ ಗೆರೆ. ನಿಜವಾದ ಜೆಟ್ಟಿನ ಬೆನ್ನ ಮೇಲೆ ಮೂಗಿನಿಂದ ಬಾಲದವರೆಗೆ ಒಂದು ಬಿರುಕು ಇರುವುದಿಲ್ಲ. ನಮ್ಮ ಮಾಡೆಲ್ಲಿಗೆ ಇರುತ್ತದೆ, ಎರಡು ಹೋಳು ಸೇರಿಸಿದ್ದೀವಲ್ಲ. ಕಣ್ಣು ಅದನ್ನು ಮೊದಲು ಹಿಡಿಯುತ್ತದೆ. ಆಮೇಲೆ ನೀವು ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ಅದು ಪ್ಲಾಸ್ಟಿಕ್ಕೇ.

ಅಂಟಿಸುವ ಮೊದಲು ಒಣ ಜೋಡಣೆ ಮಾಡಿ ನೋಡಿ. ಅಂಟು ಹಾಕದೆ, ಟೇಪು ಸುತ್ತಿ, ದೀಪಕ್ಕೆ ಹಿಡಿದು, ಎಲ್ಲಿ ಬೆಳಕು ತೂರುತ್ತೆ ಅಂತ. ರೆಕ್ಕೆಯ ಬುಡದಲ್ಲಿ ಸಂದಿ ಬಿಟ್ಟರೆ ಪುಟ್ಟಿ ತುಂಬುವುದಕ್ಕಿಂತ ತೆಳು ಪ್ಲಾಸ್ಟಿಕ್ ಹಾಳೆಯ ತುಂಡು ತೂರಿಸುವುದು ಮೇಲು. ಸಿಮೆಂಟು ಹಾಕಿದ ಮೇಲೆ ಒಂದು ದಿನ, ಆಗುವುದಾದರೆ ಎರಡು ದಿನ ಬಿಡಿ. ಹಸಿ ಸಂದಿಯನ್ನು ಉಜ್ಜಿದರೆ ವಾರದ ನಂತರ ಅದು ಕುಗ್ಗಿ ಗೆರೆ ಮತ್ತೆ ಎದ್ದು ಬರುತ್ತದೆ. ಆಗ ಬಣ್ಣವೂ ಆಗಿರುತ್ತದೆ, ಡೆಕಾಲೂ (ನೀರಲ್ಲಿ ನೆನೆಸಿ ಅಂಟಿಸುವ ಗುರುತು, ನಂಬರು) ಆಗಿರುತ್ತದೆ, ಅಳು ಬರುತ್ತದೆ.

ನೀರು ಹಚ್ಚಿ 400ರಿಂದ ಶುರು ಮಾಡಿ 1000ಕ್ಕೆ ಬನ್ನಿ. ಆಮೇಲೆ ಬೂದು ಪ್ರೈಮರ್. ಕಣ್ಣಿಗೆ ಕಾಣದ ಗೀರು ಪ್ರೈಮರ್ ಹೊಡೆದ ತಕ್ಷಣ ಚಾಡಿ ಹೇಳಿದ ಹಾಗೆ ಎದ್ದು ಕಾಣುತ್ತದೆ. ಮತ್ತೆ ಉಜ್ಜಿ. ಉಜ್ಜುವಾಗ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು (ವಿಮಾನದ ತಗಡುಗಳ ಸಂದಿ ತೋರಿಸುವ ಗೆರೆ) ಹೊಲಿಗೆ ಸೂಜಿಯಿಂದ, ದಪ್ಪ ಟೇಪನ್ನು ಅಡಿಪಟ್ಟಿ ಮಾಡಿಕೊಂಡು, ಮತ್ತೆ ಕೊರೆಯಿರಿ. ಬೆರಳ ತುದಿಗೆ ಕಣ್ಣಿಗಿಂತ ಜಾಸ್ತಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಸವರಿ ನೋಡಿ.

ಜೆಟ್‌ಗಳಲ್ಲಿ ಇನ್ನೊಂದು ಕಾಟ, ಗಾಳಿ ಒಳಹೋಗುವ ಬಾಯಿ. ಎಫ್-16ರ ಬಾಯಿಯೊಳಗೆ ಉದ್ದಕ್ಕೂ ಗೆರೆ ಇರುತ್ತದೆ, ಉಜ್ಜಲು ಬೆರಳು ಹೋಗುವುದಿಲ್ಲ. ನನ್ನ ಉಪಾಯ ಸೋಮಾರಿಯದ್ದು. ಬಾಯಿಗೆ ಕೆಂಪು ಮುಚ್ಚಳ ಮಾಡಿ ಹಾಕಿಬಿಡುತ್ತೇನೆ. ನಿಂತ ವಿಮಾನಕ್ಕೆ ನಿಜವಾಗಿಯೂ ಮುಚ್ಚಳ ಹಾಕುತ್ತಾರೆ, ಹಾಗಾಗಿ ಅದು ಸುಳ್ಳೂ ಅಲ್ಲ.

ಮಾಡೆಲ್ ಹಿಂದಕ್ಕೆ ಬಾಲ ಊರಿ ಕೂರುತ್ತೆ. ಏನು ಮಾಡೋದು?

ಈಗ ಏನೂ ಮಾಡುವ ಹಾಗಿಲ್ಲ, ಅದನ್ನು ಮೊದಲೇ ಮಾಡಬೇಕಿತ್ತು. ಒಡಲು ಮುಚ್ಚುವ ಮೊದಲು ಮೂಗಿನೊಳಗೆ ತೂಕ ತುಂಬಬೇಕು. ಎಷ್ಟು ಗ್ರಾಂ ಅಂತ ಕಿಟ್‌ನ ಕಾಗದದಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿ. ಮೀನಿನ ಗಾಳಕ್ಕೆ ಕಟ್ಟುವ ಸೀಸ ಒಳ್ಳೆಯದು, ಮುಟ್ಟಿದ ಮೇಲೆ ಕೈ ತೊಳೆಯಿರಿ. ಚೆನ್ನಾಗಿ ಅಂಟಿಸಿ. ನನ್ನ ಒಂದು ಮಿರಾಜ್ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ.

ಕಾಕ್‌ಪಿಟ್ ಒಳಗೆ ಎಷ್ಟು ಕೆಲಸ ಮಾಡಬೇಕು?

ಮುಚ್ಚಿದ ಕ್ಯಾನಪಿ (ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ) ಆದರೆ ಸೀಟು, ಸೀಟಿನ ಬೆಲ್ಟು, ಮುಂದಿನ ಫಲಕ, ಇಷ್ಟು ಸಾಕು. ಉಳಿದದ್ದು ಯಾರಿಗೂ ಕಾಣುವುದಿಲ್ಲ. ರಷ್ಯಾದ ಹಳೆಯ ಜೆಟ್‌ಗಳ ಕಾಕ್‌ಪಿಟ್ ಒಂಥರಾ ಹಸಿರು-ನೀಲಿ ಬಣ್ಣ, ಅದನ್ನು ಮಾತ್ರ ಬೂದು ಮಾಡಬೇಡಿ.

ಕ್ಯಾನಪಿ ಗಾಜು ಮಂಜು ಮಂಜಾಗಿದೆ.

ಫೆವಿಕ್ವಿಕ್ ಹಾಕಿದ್ದೀರಿ ಅಲ್ವಾ? ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕ್ಯಾನಪಿಗೆ ನಮ್ಮ ಮಾಮೂಲಿ ಬಿಳಿ ಫೆವಿಕಾಲ್ ಸಾಕು. ಒಣಗಿದರೆ ಪಾರದರ್ಶಕ, ಜಾಸ್ತಿಯಾದದ್ದನ್ನು ಒದ್ದೆ ಕಡ್ಡಿಯಲ್ಲಿ ಒರೆಸಬಹುದು. ಈಗಾಗಲೇ ಮಂಜಾಗಿದ್ದರೆ 2000ದ ವಾಟರ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ನೀರು ಮೂಲದ, ಹೊಳಪಿನ ಕ್ಲಿಯರಿನಲ್ಲಿ (ಬಣ್ಣವಿಲ್ಲದ ವಾರ್ನಿಷ್) ಅದ್ದಿ ತೆಗೆಯಿರಿ. ಮುಕ್ಕಾಲು ಪಾಲು ವಾಪಸ್ ಬರುತ್ತದೆ.

ಏರ್‌ಬ್ರಷ್ ಬೇಕೇ ಬೇಕಾ?

ಮೊದಲ ಎರಡು ಮೂರು ಮಾಡೆಲ್‌ಗೆ ಬೇಡ. ಚಪ್ಪಟೆ ಕುಂಚದಲ್ಲಿ, ತೆಳುವಾಗಿ, ಮೂರು ನಾಲ್ಕು ಕೋಟ್ ಕೊಟ್ಟರೆ ಚೆನ್ನಾಗೇ ಬರುತ್ತದೆ. ಒಂದೇ ಕೋಟಿನಲ್ಲಿ ಮುಚ್ಚಬೇಕು ಅನ್ನುವ ಆಸೆಯೇ ಶತ್ರು.

ಹುಚ್ಚು ಹಿಡಿಯಿತು ಅಂತಾದ ಮೇಲೆ ತಗೊಳ್ಳಿ. 0.3 ಮಿ.ಮೀ. ನಳಿಕೆಯ, ಒತ್ತಿದರೆ ಗಾಳಿ ಎಳೆದರೆ ಬಣ್ಣ ಬರುವಂಥದ್ದು. ಕಂಪ್ರೆಸರಿಗೆ ಟ್ಯಾಂಕೂ ತೇವ ಹಿಡಿಯುವ ಫಿಲ್ಟರೂ ಇರಲಿ. ಮೈಸೂರಿನ ಮಳೆಗಾಲದಲ್ಲಿ ಆ ಫಿಲ್ಟರಿನಲ್ಲಿ ನಿಜವಾಗಿ ನೀರು ನಿಲ್ಲುತ್ತದೆ. ಒತ್ತಡ 15ರಿಂದ 20 ಪಿಎಸ್‌ಐ. ಬಣ್ಣ ನೀರು ಮಜ್ಜಿಗೆಯಷ್ಟು ತೆಳುವಾಗಿರಬೇಕು. ಬಟ್ಟಲ ಅಂಚಿಗೆ ಎಳೆದರೆ ತೆಳುವಾಗಿ ಅಂಟಿಕೊಂಡು ಇಳಿಯಬೇಕು. ಮೊಸರಿನ ಹದ ಇದ್ದರೆ ಕಟ್ಟಿಕೊಳ್ಳುತ್ತದೆ, ನೀರಿನ ಹದ ಇದ್ದರೆ ಜೇಡದ ಕಾಲಿನ ಹಾಗೆ ಓಡುತ್ತದೆ.

ಮತ್ತೆ, ಬಣ್ಣ ಹೊಡೆಯುವುದು ಹತ್ತು ನಿಮಿಷ, ಏರ್‌ಬ್ರಷ್ ತೊಳೆಯುವುದು ಇಪ್ಪತ್ತು ನಿಮಿಷ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಮಳೆಗಾಲದಲ್ಲಿ ಬಣ್ಣ ಬಿಳಚಿಕೊಳ್ಳುತ್ತೆ, ಬೇಸಿಗೆಯಲ್ಲಿ ಪುಡಿಪುಡಿ ಆಗುತ್ತೆ!

ಎರಡೂ ಹವೆಯ ಕೆಲಸ. ಲ್ಯಾಕರ್ (ಥಿನ್ನರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ) ಆರುವಾಗ ಥಿನ್ನರ್ ಬೇಗ ಹಾರಿ ಮೇಲ್ಮೈ ತಣ್ಣಗಾಗುತ್ತದೆ. ಜುಲೈಯ ಒದ್ದೆ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬಾಗುತ್ತದೆ. ಮಳೆ ಸುರಿಯುವ ಸಂಜೆ ಲ್ಯಾಕರ್ ಮುಟ್ಟಬೇಡಿ. ನಿಧಾನಕ್ಕೆ ಆರುವ ಲೆವೆಲಿಂಗ್ ಥಿನ್ನರ್ ಹಾಕಿದರೆ ಬಹಳಷ್ಟು ತಪ್ಪುತ್ತದೆ. ಏಪ್ರಿಲ್ ಮಧ್ಯಾಹ್ನ ಇದರ ಉಲ್ಟಾ. ಬಣ್ಣ ನಳಿಕೆಯಿಂದ ಮಾಡೆಲ್ ಮುಟ್ಟುವಷ್ಟರಲ್ಲಿ ಒಣಗಿ ರವೆಯ ಹಾಗೆ ಉದುರುತ್ತದೆ. ಆಗ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವ ದ್ರವ) ಎರಡು ಹನಿ ಬಿಡಿ, ಹತ್ತಿರದಿಂದ ಹೊಡೆಯಿರಿ, ಇಲ್ಲಾ ಬೆಳಿಗ್ಗೆ ಏಳಕ್ಕೇ ಕೂರಿ. ನನಗೆ ಬೆಳಿಗ್ಗೆಯೇ ಇಷ್ಟ. ಕಾಫಿ ಲೋಟ ಮಾತ್ರ ಥಿನ್ನರ್ ಲೋಟದಿಂದ ದೂರ ಇರಲಿ.

ಯಾವ ಬೂದು ಹಾಕಲಿ? ನೂರು ತರಹ ಇವೆ.

ಅಮೆರಿಕದ ವಿಮಾನ ಆದರೆ ಸುಲಭ, ಬಣ್ಣಕ್ಕೆ ಎಫ್‌ಎಸ್ (ಫೆಡರಲ್ ಸ್ಟ್ಯಾಂಡರ್ಡ್) ಸಂಖ್ಯೆ ಇರುತ್ತದೆ. ಎಫ್-16ಕ್ಕೆ 36118, 36270, 36375. ಬಣ್ಣದ ಸೀಸೆಯ ಮೇಲೂ ಅದೇ ಸಂಖ್ಯೆ ನೋಡಿ ತಗೊಳ್ಳುವುದು. ನಮ್ಮ ವಿಮಾನಗಳಿಗೆ ಫೋಟೋನೇ ಗತಿ. ಅದೂ ಒಂದಲ್ಲ, ಬಿಸಿಲಿನದ್ದೊಂದು, ಮೋಡದ್ದೊಂದು. ಒಂದೇ ಸುಖೋಯ್ ಒಂದರಲ್ಲಿ ನೀಲಿಯಾಗಿ, ಇನ್ನೊಂದರಲ್ಲಿ ಬೂದು ಬಣ್ಣವಾಗಿ ಕಾಣುತ್ತದೆ. ಎರಡರ ನಡುವಿನದನ್ನು ಬೆರೆಸಿಕೊಳ್ಳಿ, ಆಮೇಲೆ ಒಂದೆರಡು ಹನಿ ಬಿಳಿ ಸೇರಿಸಿ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಗಾಢವಾಗಿ ಕಾಣುತ್ತದೆ.

ಜಾಗ್ವಾರ್‌ನ ಹಸಿರು-ಬೂದು ಪಟ್ಟೆಗಳ ಅಂಚು ಹೇಗೆ ಮಾಡೋದು?

ಟೇಪು ಅಂಟಿಸಿದರೆ ಕತ್ತರಿಸಿದ ಹಾಗೆ ಬರುತ್ತದೆ. ಕೈಯಲ್ಲೇ ಸ್ಪ್ರೇ ಮಾಡಿದರೆ ಮಬ್ಬು ಜಾಸ್ತಿ. ಲೆಕ್ಕ ಹಾಕಿ ನೋಡಿ. ನಿಜವಾದ ವಿಮಾನದಲ್ಲಿ ಎರಡು ಬಣ್ಣ ಬೆರೆಯುವ ಅಂಚು 5 ಸೆಂ.ಮೀ. ಅಂದುಕೊಂಡರೆ 1:72ರಲ್ಲಿ ಅದು 0.7 ಮಿ.ಮೀ. ಅಷ್ಟೇ. ಬ್ಲೂ ಟ್ಯಾಕನ್ನು (ಅಂಟಿಸಿ ಕೀಳಬಹುದಾದ ಮೆದು ಅಂಟು) ಶಾವಿಗೆಯ ಹಾಗೆ ಹೊಸೆದು ಅಂಚಿಗೆ ಇಟ್ಟು, ನೇರ ಮೇಲಿನಿಂದ ಹೊಡೆದರೆ ಸರಿಯಾಗಿ ಬರುತ್ತದೆ. ಒಮ್ಮೆ ಬ್ಲೂ ಟ್ಯಾಕ್ ಮುಗಿದು ಚಪಾತಿ ಹಿಟ್ಟು ಇಟ್ಟೆ. ಎಣ್ಣೆ ಕಲೆ ಇವತ್ತಿಗೂ ಹೋಗಿಲ್ಲ.

ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪ್ ಬಳಸುವುದಾದರೆ ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು ಜಿಗುಟು ಕಡಿಮೆ ಮಾಡಿಕೊಳ್ಳಿ. ಇಲ್ಲದಿದ್ದರೆ ಬಣ್ಣದ ಸಮೇತ ಬರುತ್ತದೆ.

ಡೆಕಾಲ್ ಸುತ್ತ ಬೆಳ್ಳಗೆ ಹೊಳೆಯುತ್ತೆ, ಸ್ಟಿಕ್ಕರ್ ಅಂತ ಗೊತ್ತಾಗುತ್ತೆ.

ಮ್ಯಾಟ್ ಬಣ್ಣದ ಮೇಲೆ ನೇರ ಹಾಕಿದ್ದೀರಿ. ಮ್ಯಾಟ್ ಅಂದರೆ ತರಿತರಿ, ಡೆಕಾಲಿನ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೊದಲು ಹೊಳಪಿನ ಕ್ಲಿಯರ್ ಹೊಡೆಯಿರಿ, ಆಮೇಲೆ ಡೆಕಾಲ್, ಮೇಲೆ ಮತ್ತೆ ಕ್ಲಿಯರ್. ಉಗುರುಬೆಚ್ಚಗಿನ ನೀರು ಒಳ್ಳೆಯದು. ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಬಿಡುತ್ತದೆ. ಡೆಕಾಲನ್ನು ಮೆದು ಮಾಡುವ ಮೈಕ್ರೋ ಸೋಲ್ ತರಹದ ದ್ರವ ಹಚ್ಚಿದಾಗ ಡೆಕಾಲ್ ಮುದುಡಿ ಹಪ್ಪಳದ ಹಾಗೆ ಆಗುತ್ತದೆ. ಎದೆ ಹೊಡೆದುಕೊಂಡರೂ ಮುಟ್ಟಬೇಡಿ! ತಾನೇ ಚಪ್ಪಟೆಯಾಗಿ ಪ್ಯಾನೆಲ್ ಗೆರೆಯೊಳಗೆ ಇಳಿಯುತ್ತದೆ. ನಾನು ಮುಟ್ಟಿ ಒಂದು ರೌಂಡಲ್ (ವಾಯುಪಡೆಯ ದುಂಡು ಗುರುತು) ಹರಿದುಕೊಂಡಿದ್ದೇನೆ. ಹಳೆಯ ಡೆಕಾಲ್ ಹಳದಿಯಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿಯ ಬಿಸಿಲಿಗೆ ಅಂಟಿಸಿ, ಕೆಲವು ದಿನಕ್ಕೆ ತಿಳಿಯಾಗುತ್ತದೆ.

ಇನ್ನೊಂದು ಮಾತು. ನಮ್ಮ ರೌಂಡಲಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಹೊರಗೆ ಹಸಿರು ಇರುವ ಡೆಕಾಲ್ ಕಂಡರೆ ಅದು ಬೇರೆ ದೇಶದ್ದು. ನಂಬರೂ ನೋಡಿಕೊಳ್ಳಿ. ರಫಾಲ್ ಒಂಟಿ ಸೀಟಿಗೆ ಬಿಎಸ್, ಎರಡು ಸೀಟಿಗೆ ಆರ್‌ಬಿ. ಇವು ಏರ್ ಚೀಫ್ ಮಾರ್ಷಲ್ ಬೀರೇಂದರ್ ಸಿಂಗ್ ಧನೋವಾ ಮತ್ತು ರಾಕೇಶ್ ಭದೌರಿಯಾ ಅವರ ಹೆಸರಿನ ಅಕ್ಷರಗಳು. ಎರಡು ಸೀಟಿನದಕ್ಕೆ ಬಿಎಸ್ ಹಾಕಿದರೆ ಗೊತ್ತಿದ್ದವರು ಬಿಡುವುದಿಲ್ಲ.

ಪ್ಯಾನೆಲ್ ಗೆರೆಗೆ ಎಷ್ಟು ಕಪ್ಪು ತುಂಬಲಿ? ಕೊಳೆ ಎಷ್ಟು ಹಾಕಲಿ?

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ.

ಈಗಿನ ಮಾಡೆಲ್‌ಗಳನ್ನು ನೋಡಿದರೆ ಪ್ರತಿ ಗೆರೆಗೂ ಕಾಡಿಗೆ ಹಚ್ಚಿರುತ್ತಾರೆ. ಜೆಟ್ಟಿನ ಮೇಲೆ ಟೈಲ್ಸ್ ಹಾಕಿದ ಹಾಗೆ ಇರುತ್ತದೆ. ನಿಜವಾದ ವಿಮಾನದ ಎರಡು ತಗಡುಗಳ ನಡುವಿನ ಸಂದಿ 3 ಮಿ.ಮೀ. ಅಂತಿಟ್ಟುಕೊಳ್ಳಿ. 1:72ರಲ್ಲಿ ಅದು 0.04 ಮಿ.ಮೀ. ತಲೆಕೂದಲಿಗಿಂತ ಸಣ್ಣದು. ಕಿಟ್‌ನವರು ಕೊರೆದಿರುವುದೇ ದಪ್ಪ, ಅದರ ಮೇಲೆ ಕಪ್ಪು ಬೇರೆ ಯಾಕೆ? ಬೂದು ವಿಮಾನಕ್ಕೆ ಸ್ವಲ್ಪ ಗಾಢ ಬೂದು ವಾಷ್ (ಗೆರೆಯೊಳಗೆ ಹರಿಯುವ ತೆಳು ಬಣ್ಣ) ಸಾಕು. ರಡ್ಡರ್, ಫ್ಲಾಪು ಹೀಗೆ ಅಲ್ಲಾಡುವ ಭಾಗಗಳ ಸಂದಿಗೆ ಮಾತ್ರ ಕಪ್ಪಿನ ಹತ್ತಿರದ್ದು ಹಾಕಿ.

ವಾಷ್ ಮಾಡುವುದು ಹೊಳಪಿನ ಕ್ಲಿಯರ್ ಮೇಲೆ. ಎಣ್ಣೆ ಬಣ್ಣ ಅಥವಾ ಎನಾಮೆಲನ್ನು ತೆಳು ಮಾಡಿ ಗೆರೆಗೆ ಕುಂಚ ತಾಗಿಸಿದರೆ ಓಡಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಹತ್ತಿ ಕಡ್ಡಿಯಲ್ಲಿ ಒರೆಸಿ. ಒರೆಸುವ ದಿಕ್ಕು ಮೂಗಿನಿಂದ ಬಾಲಕ್ಕೆ. ಕೆಳಗಿನ ಕ್ಲಿಯರ್ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿರಲಿ. ಎನಾಮೆಲ್ ಮೇಲೆ ಎನಾಮೆಲ್ ವಾಷ್ ಹಾಕಿದರೆ ಕೆಳಗಿನದೂ ಎದ್ದು ಬರುತ್ತದೆ.

ಕೊಳೆಗೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ, ಈ ಕಲೆ ಎಲ್ಲಿಂದ ಬಂತು? ಬಿಸಿಲಿಗೆ ಬೆನ್ನು ಬಿಳಚುತ್ತದೆ, ಹೊಟ್ಟೆ ಬಿಳಚುವುದಿಲ್ಲ. ಏಣಿ ಹತ್ತುವ ಜಾಗದಲ್ಲಿ, ರೆಕ್ಕೆಯ ಬುಡದಲ್ಲಿ ಬೂಟಿನ ಗುರುತು ಇರುತ್ತದೆ, ರೆಕ್ಕೆಯ ತುದಿಯಲ್ಲಿ ಇರುವುದಿಲ್ಲ. ಹೊಟ್ಟೆಯ ಕೆಳಗೆ ಹೈಡ್ರಾಲಿಕ್ ಎಣ್ಣೆ ಸೋರಿದ್ದು ಹಾರುವಾಗ ಹಿಂದಕ್ಕೆ ಎಳೆದುಕೊಳ್ಳುತ್ತದೆ, ನಿಂತಾಗ ಕೆಳಕ್ಕೆ ಇಳಿಯುತ್ತದೆ. ಸುಖೋಯ್ ಫಿರಂಗಿ ಬಲಗಡೆ ಮಾತ್ರ ಇದೆ, ಅದರ ಬಾಯಿಯ ಸುತ್ತ ಬಣ್ಣವಿಲ್ಲದ ಲೋಹದ ತಗಡು. ಎಡಗಡೆಗೂ ಮಸಿ ಬಳಿದವರನ್ನು ನೋಡಿದ್ದೇನೆ. ವಿಕ್ರಮಾದಿತ್ಯ ಹಡಗಿನ ಮಿಗ್-29ಕೆ ಆದರೆ ಉಪ್ಪುಗಾಳಿಗೆ ಜಾಸ್ತಿ ಹಳತಾಗುತ್ತದೆ, ಅಲ್ಲಲ್ಲಿ ತೇಪೆ ಬಣ್ಣ ಇರುತ್ತದೆ. ಅಲ್ಲಿ ಕೈ ಬಿಚ್ಚಬಹುದು. ಸೂರ್ಯಕಿರಣದ ಹಾಕ್ ಮಾತ್ರ ಮಿರಿ ಮಿರಿ ಮಿಂಚಲಿ, ಕೊಳೆ ಸೋಕಿಸಬೇಡಿ.

ಮೈಸೂರು ಚಿತ್ರದ ಉಬ್ಬಿನ ಮಾತು ಹೇಳಿದೆನಲ್ಲ, ಅದು ಇಲ್ಲಿಗೇ. ಹತ್ತಿರ ಬಂದವರಿಗೆ ಮಾತ್ರ ಕಾಣುವಷ್ಟು.

ಇಂಜಿನ್ ನಳಿಕೆಗೆ ಸುಟ್ಟ ಲೋಹದ ಬಣ್ಣ?

ಮೊದಲು ಹೊಳೆಯುವ ಕಪ್ಪು, ಅದು ಪೂರಾ ಒಣಗಿದ ಮೇಲೆ ಅಲ್ಕ್ಲಾಡ್ ತರಹದ ಲೋಹದ ಲ್ಯಾಕರ್, ಮಂಜಿನಷ್ಟು ತೆಳ್ಳಗೆ. ಮೇಲೆ ತೆಳು ನೀಲಿ, ಕಂದು ಪಾರದರ್ಶಕ ಬಣ್ಣಗಳು ಬಳೆಯ ಹಾಗೆ ಸುತ್ತ. ಹಿತ್ತಾಳೆ ಸೌಟನ್ನು ಒಲೆಯ ಮೇಲೆ ಮರೆತಾಗ ಬರುವ ಬಣ್ಣ ನೆನಪಿಸಿಕೊಳ್ಳಿ.

ನಿಜವಾದ ವಿಮಾನ ಹತ್ತಿರದಿಂದ ನೋಡಲು ಎಲ್ಲಿ ಹೋಗಲಿ?

ಬೆಳಿಗ್ಗೆಯ ರೈಲು ಹಿಡಿದು ಬೆಂಗಳೂರಿಗೆ ಹೋಗಿ. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಎಂಬ ಫೈಟರ್ ಜೆಟ್ ಇದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೂ ಒಂದು ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕೂತು ವಿನ್ಯಾಸ ಮಾಡಿ, 1961ರ ಜೂನ್ 17ರಂದು ಮೊದಲು ಹಾರಿದ ವಿಮಾನ ಅದು. ಬಾಗಿಲುಗಳ ಒಳಗೆ, ಚಕ್ರದ ಗೂಡಿನೊಳಗೆ ಫೋಟೋ ತೆಗೆಯಿರಿ. ಮುಂದಿನಿಂದ ತೆಗೆದ ಚಂದದ ಫೋಟೋ ಎಲ್ಲೆಲ್ಲೂ ಸಿಗುತ್ತದೆ, ಚಕ್ರದ ಗೂಡಿನ ಫೋಟೋ ಸಿಗುವುದಿಲ್ಲ. ಯಲಹಂಕದ ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ಎಲ್ಲರೂ ಆಕಾಶ ನೋಡುವಾಗ ನಾನು ನಿಂತ ವಿಮಾನಗಳ ಹೊಟ್ಟೆ ನೋಡುತ್ತಿರುತ್ತೇನೆ.

ಮನೆಯಲ್ಲಿ ವಾಸನೆ ಅಂತ ಬೈಯುತ್ತಾರೆ.

ಸರಿಯಾಗೇ ಬೈಯುತ್ತಾರೆ. ಲ್ಯಾಕರಿಗೆ ಬಟ್ಟೆ ಮಾಸ್ಕ್, ಎನ್-95 ಎರಡೂ ಪ್ರಯೋಜನ ಇಲ್ಲ. ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಅಡುಗೆಮನೆಯ ಹಳೆ ಎಕ್ಸಾಸ್ಟ್ ಫ್ಯಾನ್ ತಂದು ಬಣ್ಣ ಹೊಡೆಯುವ ಪೆಟ್ಟಿಗೆಗೆ ಕೂರಿಸುವವರಿದ್ದಾರೆ. ಥಿನ್ನರ್ ಆವಿ ಮೋಟಾರಿನೊಳಗೆ ಹಾದು ಕಿಡಿ ಹತ್ತಬಹುದು. ಮಾಡುವುದಾದರೆ ಮೋಟಾರು ಆವಿಯ ದಾರಿಯಿಂದ ಹೊರಗಿರಲಿ. ದೇವರ ಮನೆಯ ದೀಪ, ಗ್ಯಾಸ್ ಒಲೆ ಇರುವ ಕಡೆ ಬೇಡವೇ ಬೇಡ. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ವ್ಯಾಲೆಹೋ ತರಹದ ನೀರು ಮೂಲದ ಅಕ್ರಿಲಿಕ್ ಬಣ್ಣ ಇದೆಯಲ್ಲ. ಅದಕ್ಕೂ ಧೂಳಿನ ಮಾಸ್ಕ್ ಹಾಕಿ.

ಎಷ್ಟು ವರ್ಷದ ಮಕ್ಕಳಿಗೆ ಕೊಡಬಹುದು?

ಹತ್ತರ ಮೇಲೆ, ದೊಡ್ಡವರು ಪಕ್ಕದಲ್ಲಿ ಕೂತರೆ. ಬ್ಲೇಡಿನ ಕೆಲಸ ದೊಡ್ಡವರದ್ದು. ಮಗು ನೀಲಿ ಮಿಗ್ ಬೇಕು ಅಂದರೆ ನೀಲಿಯೇ ಹೊಡೆಯಲಿ.

ಒಂದು ಮಾಡೆಲ್‌ಗೆ ಎಷ್ಟು ದಿನ?

ದಿನಕ್ಕೆ ಒಂದು ಗಂಟೆ ಕೂತರೆ ಒಂದೂವರೆ ಎರಡು ತಿಂಗಳು. ಅದರಲ್ಲಿ ಅರ್ಧ ಒಣಗಲು ಕಾಯುವುದು. ನನ್ನ ಮಿಗ್-21 ಮಾತ್ರ ಬೇಗ ಮುಗಿಯಿತು. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಅದನ್ನು ಬೀಳ್ಕೊಡುತ್ತಾರೆ ಅಂತ ಗೊತ್ತಾದಾಗ, ಆ ವರ್ಷದ ಗೊಂಬೆಗೆ ಇರಲೇಬೇಕು ಅಂತ ಹಟ ಹಿಡಿದು ಕೂತೆ. 1963ರಿಂದ ಹಾರಿದ ವಿಮಾನ. ನಾನು ಹುಟ್ಟುವ ಮೊದಲೇ ಇತ್ತು. ಆತುರದಲ್ಲಿ ಎಡ ರೆಕ್ಕೆಯ ಕೆಳಗೆ ಒಂದು ಬೆರಳಚ್ಚು ಉಳಿದಿದೆ. ಎತ್ತಿ ನೋಡಿದವರಿಗೆ ಮಾತ್ರ ಗೊತ್ತು.

ಹಬ್ಬ ಮುಗಿದ ಮೇಲೆ ಎಲ್ಲಿ ಇಡುತ್ತೀರಿ?

ಗಾಜಿನ ಬಾಗಿಲಿನ ಬೀರು, ಬಿಸಿಲು ನೇರ ಬೀಳದ ಗೋಡೆಗೆ. ಧೂಳು ಕೂತರೆ ಮೇಕಪ್ ಕುಂಚದಲ್ಲಿ ಮೆಲ್ಲಗೆ ಸವರಿ, ಬಟ್ಟೆಯಲ್ಲಿ ಒರೆಸಬೇಡಿ. ಬಾಗಿಲು ಸರಿಯಾಗಿ ಮುಚ್ಚಲಿ. ಹಲ್ಲಿ ಒಳಗೆ ಸೇರಿ ಜಾಗ್ವಾರಿನ ಬೆನ್ನ ಮೇಲೆ ಮಾಡಿದ ಕೊಳೆ ಯಾವ ಫೋಟೋದಲ್ಲೂ ಇರಲಿಲ್ಲ.

ನಮ್ಮಮ್ಮನ ಪ್ರಕಾರ ವಿಜಯದಶಮಿಯ ರಾತ್ರಿ ಮೆಟ್ಟಿಲ ಮೇಲಿನ ಗೊಂಬೆಗಳನ್ನು ಮಲಗಿಸಬೇಕು. ಜೆಟ್‌ಗಳೂ ಮೆಟ್ಟಿಲ ಮೇಲೇ ಇದ್ದವು, ಅವೂ ಮಲಗಬೇಕು ಅಂತ ಹಟ. ಸುಖೋಯ್, ಜಾಗ್ವಾರ್ ಎರಡನ್ನೂ ಮಲಗಿಸಿದೆವು. ಮಿಗ್‌ನ ಮೂಗಿನ ಉದ್ದ ಪಿಟೋ ಕೊಳವೆಯನ್ನು (ವೇಗ ಅಳೆಯುವ ಕಡ್ಡಿ) ನಾನು ಇಂಜೆಕ್ಷನ್ ಸೂಜಿಯಿಂದ ಮಾಡಿದ್ದೇನೆ, ತಾಗಿದರೆ ಬಾಗುತ್ತದೆ. ಕೊನೆಗೆ ಅದರ ಮೇಲೆ ಒಂದು ಕರ್ಚೀಫು ಹೊದಿಸಿ, ನಿಂತೇ ನಿದ್ದೆ ಮಾಡಲಿ ಅಂತ ಅಮ್ಮನೇ ಒಪ್ಪಿದರು.